ತಿರಕಪ್ಪನ ನೇರ ನೋಟ

ದೊಡ್ಡ ಡಾಕ್ಟರು ರೋಗಿಯ ಬೆನ್ನು ತಟ್ಟಿ, "ಇನ್ನ ಇದಕ್ಕ ಔಷಧ ಇಲ್ಲಜ್ಜಾ" ಎಂದು ಹೇಳಿ ಕೈ ತೊಳೆದುಕೊಂಡ ಮೇಲೆ ನನ್ನ ಕೆಲಸ ಶುರುವಾಗುತ್ತದೆ. ನಮ್ಮೂರ ಕಣ್ಣಿನ ಆಸ್ಪತ್ರೆಯಲ್ಲಿ ಔಷಧದ ಅಂಗಡಿ ದಾಟಿ, ನೀರಿನ ಟಾಕಿ ದಾಟಿ, ಇನ್ನೇನು ಕಾಂಪೌಂಡ್ ಗೋಡೆ ಬಂತು ಅನ್ನುವಾಗ ಸಿಗುವ ಕೊನೆಯ ಕೋಣೆ ನನ್ನದು. ಹೋದ ಕಣ್ಣನ್ನು ತಂದುಕೊಡಲು ನನಗೆ ಬರುವುದಿಲ್ಲ. ಉಳಿದ ಚೂರು ನೋಟದಲ್ಲಿ ದಿನ ಹೇಗೆ ದೂಡಬೇಕು ಎಂದು ಹೇಳಿಕೊಡುತ್ತೇನೆ. ಅನ್ನ ಕಾಣಬೇಕಾದರೆ ಕರಿ ತಾಟಿನಲ್ಲಿ ಬಡಿಸಿಕೊಳ್ಳಿ, ಮಜ್ಜಿಗೆಗೆ ಬಣ್ಣದ ಲೋಟ ಇಡಿ, ಗ್ಯಾಸಿನ ಗುಂಡಿಗೆ ಉಗುರುಬಣ್ಣದ ದಪ್ಪ ಚುಕ್ಕೆ ಇಡಿ, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿ, ದೀಪ ತಲೆಯ ಮೇಲೆ ಬೇಡ, ಭುಜದ ಪಕ್ಕಕ್ಕೆ ಇರಲಿ. ಇಷ್ಟೇ. ಇದನ್ನು ಹೇಳಲು ಎರಡು ವರ್ಷ ಓದಿದ್ದೀಯಾ ಎಂದು ಒಬ್ಬ ಮುದುಕಿ ಕೇಳಿದ್ದಳು. ಓದಿದ್ದೇನೆ ಎಂದೆ. ಪಾಪ ಎಂದು ನನ್ನ ತಲೆ ಸವರಿ ಹೋದಳು.

ಬೇರೆ ಊರಿನ ಮುದುಕರು ಪೇಪರು ಓದಬೇಕು, ಬಸ್ಸಿನ ಬೋರ್ಡು ಕಾಣಬೇಕು ಎಂದು ಬರುತ್ತಾರಂತೆ. ನಮ್ಮೂರಿನವರಿಗೆ ಬೇಕಾದದ್ದು ಸಂಜೆ ಮಣೆ ಮೇಲೆ ಕೂತು ಮನೆಯವರ ಮುಖ ಗುರುತು ಹಿಡಿಯುವಷ್ಟು ಕಣ್ಣು. ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಪ್ರತಿ ಮನೆಯ ಹಿರಿಯರು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂರುತ್ತಾರೆ. ಹೊರಗೆ ಹೋದವರು ಬಂದು ಮೆಟ್ಟಿಲ ಮೇಲೆ ನಿಲ್ಲಬೇಕು. ಅಲ್ಲಿ ನಿಂತವರ ಬಾಯಿಂದ ಮಾತು ಹೊರಡುವುದಿಲ್ಲ, ಕಾಲು ಮುಂದೆ ಏಳುವುದಿಲ್ಲ. ಹಿರಿಯರು ಹೆಸರು ಹಿಡಿದು ಕರೆದರೆ ಕಾಲು ತಾನಾಗಿ ಒಳಗೆ ಬರುತ್ತದೆ. ಯಾವ ಹೆಸರು ಕರೆದರೋ ಬೆಳಗಾಗುವವರೆಗೆ ಅವರೇ ಆಗಿ ಇರಬೇಕು. ಇದನ್ನು ನಾವು ದೊಡ್ಡದು ಮಾಡುವುದಿಲ್ಲ. ಒಂದಲ್ಲ ಒಂದು ಸಂಜೆ ಅಣ್ಣನಾಗಿಯೋ ಚಿಕ್ಕಮ್ಮನಾಗಿಯೋ ಉಂಡು ಮಲಗದವರು ಈ ಊರಿನಲ್ಲಿ ಇಲ್ಲ. ಕಂದಾಯ ಕಚೇರಿಯ ಕಾರಕೂನನೊಬ್ಬನನ್ನು ಅವನ ಅಜ್ಜಿ ಅವಸರದಲ್ಲಿ ಸೊಸೆಯ ಹೆಸರಿನಿಂದ ಕರೆದುಬಿಟ್ಟಳಂತೆ, ಆತ ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿದನಂತೆ. ಅಂಥ ತೆಳ್ಳನೆಯ ರೊಟ್ಟಿ ಆ ಮನೆಯಲ್ಲಿ ಮತ್ತೆ ಆಗಲಿಲ್ಲ ಎಂದು ಇವತ್ತಿಗೂ ಆ ಸೊಸೆಯ ಮುಂದೆಯೇ ಆಡಿಕೊಂಡು ನಗುತ್ತಾರೆ.

ನಗು ಇರುವುದು ಮೂವತ್ತರ ಒಳಗೆ. ಒಬ್ಬರ ಮೇಲೆ ಅದೇ ತಪ್ಪು ಹೆಸರು ಮೂವತ್ತು ಸಂಜೆ ಬಿದ್ದರೆ ಅದು ಅಂಟಿಕೊಳ್ಳುತ್ತದೆ. ಹಳೆಯ ಹೆಸರು ಆಮೇಲೆ ಯಾರ ನಾಲಿಗೆಗೂ ಬರುವುದಿಲ್ಲ, ಅದನ್ನು ಹೊತ್ತು ತಿರುಗಿದವರ ನಾಲಿಗೆಗೂ. ನಡುವೆ ಒಂದೆರಡು ಸಂಜೆ ಬೇರೆ ಕಡೆ ಉಳಿದುಕೊಂಡರೆ ಲೆಕ್ಕ ಅಲ್ಲೇ ಕಾಯುತ್ತ ನಿಂತಿರುತ್ತದೆ. ಸರಿಯಾದ ಹೆಸರು ಒಂದು ಸಲ ಬಿದ್ದರೆ ಮಾತ್ರ ಆ ಲೆಕ್ಕ ಹರಿದುಹೋಗುತ್ತದೆ. ಹಿರಿಯರ ಕೈಯಿಂದ ಮಣೆ ಕಿತ್ತುಕೊಳ್ಳಲು ಬರುವುದಿಲ್ಲ. ಅವರೇ ಎದ್ದು ಮುಂದಿನವರಿಗೆ ಕೊಡಬೇಕು, ಆಗ ಹಳೆಯ ಲೆಕ್ಕವೆಲ್ಲ ಅಳಿಸಿ ಹೋಗುತ್ತದೆ. ಆದರೆ ಕೊಟ್ಟವರು ಅಂದಿನಿಂದ ಮಕ್ಕಳ ಮುಂದೆ ಬಾಯಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ. ತೊಂಬತ್ತು ದಾಟಿದವರೂ ಅದಕ್ಕೆ ಒಪ್ಪಿದ್ದನ್ನು ನಾನು ನೋಡಿಲ್ಲ. ಪ್ರಾಣ ಬಿಟ್ಟಾರು, ಮಣೆ ಬಿಡುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕಸ್ತೂರಿ ತನ್ನ ತಂದೆಯನ್ನು ಕೈಹಿಡಿದು ನನ್ನ ಕೋಣೆಗೆ ಕರೆತಂದಳು. ನಲವತ್ತಾರು ವರ್ಷದ ಹೆಂಗಸು, ಹಿಟ್ಟಿನ ಗಿರಣಿಯಲ್ಲಿ ಕೆಲಸ. ರೆಪ್ಪೆಯ ಮೇಲೂ ಜೋಳದ ಹಿಟ್ಟು ಕೂತಿತ್ತು. ತಂದೆ ದರ್ಜಿ ತಿರಕಪ್ಪ, ಎಪ್ಪತ್ತೊಂಬತ್ತು. ಕಣ್ಣಿದ್ದಾಗ ಈ ಊರಿನ ಅರ್ಧ ಜನರ ಅಂಗಿ, ರವಿಕೆ ಅವನ ಮಷಿನ್ನಿನ ಕೆಳಗೆ ಹಾದು ಬಂದವೇ. ಟೇಪು ತೆಗೆಯದೆ, ಬಾಗಿಲಲ್ಲಿ ನಿಂತವರನ್ನು ಒಂದು ಸಲ ನೋಡಿ ಅಳತೆ ಬರೆದುಕೊಳ್ಳುತ್ತಿದ್ದ ಎಂದು ಹೆಸರುವಾಸಿ. ಈಗ ಎರಡೂ ಕಣ್ಣಿನ ನಡುಭಾಗ ಸತ್ತಿತ್ತು. ಸುತ್ತಲಿನದು ಕಾಣುತ್ತದೆ, ನೋಡಬೇಕೆಂದು ಕಣ್ಣು ನೆಟ್ಟ ಜಾಗ ಮಾತ್ರ ಕಾಣುವುದಿಲ್ಲ. ಎದುರಿಗೆ ಕೂತವರ ಕಿವಿ, ಓಲೆ, ಸೀರೆಯ ಅಂಚು ಕಾಣುತ್ತವೆ, ಮುಖವಿರಬೇಕಾದಲ್ಲಿ ಬೂದಿ ಬಣ್ಣದ ಒಂದು ತೂತು.

ಅವನನ್ನು ಬೆಂಚಿನ ಮೇಲೆ ಕೂರಿಸಿ ಕಸ್ತೂರಿ ನನ್ನನ್ನು ಹೊರಗೆ ಕರೆದಳು. "ಅಕ್ಕಾರ, ನನ್ನ ಮ್ಯಾಲ ಹತ್ತೊಂಬತ್ತು ಸಂಜಿ ಆಗ್ಯಾವು" ಎಂದಳು.

"ಯಾರ ಹೆಸರು?"

"ನಮ್ಮ ಅಕ್ಕಂದು. ಶಕುಂತಲಾ. ಅಕಿ ತೀರಿಕೊಂಡು ಎರಡು ವರ್ಷ ಆತು." ಕೈ ಮುಂದೆ ಚಾಚಿ ಬೆರಳ ತುದಿ ತೋರಿಸಿದಳು. ಸೂಜಿ ಚುಚ್ಚಿದ ಸಣ್ಣ ಸಣ್ಣ ಗುರುತು. "ನನಗ ಹೊಲಿಗಿ ಬರಂಗಿಲ್ರಿ. ಅಕ್ಕ ಅಪ್ಪನ ಜೋಡಿ ಮಷಿನ್ ಮ್ಯಾಲ ಕೂಡ್ತಿದ್ಲು, ನಾ ಗಿರಣಿಗೆ ಹೋದೆ. ಈಗ ಸಂಜಿಗೆ ಒಳಗ ಹೋದಕೂಡ್ಲೆ ಅಂಗಿ ಗುಂಡಿಗೆ ಕಾಜಾ ಮಾಡಾಕ ಕೂಡ್ತೀನಿ. ಅಕಿ ಕೆಮ್ಮು ಕೆಮ್ಮತೀನಿ. ಹಾಗಲಕಾಯಿ ಪಲ್ಯ ಹಾಕ್ಕೊಂಡು ಉಣ್ತೀನಿ, ಹುಟ್ಟಿದಾಗಿಂದ ಅದನ್ನ ಬಾಯಾಗ ಇಟ್ಟಾಕಿ ಅಲ್ಲ ನಾನು. ಮೊದಲ ಮುಂಜಾನಿ ಎದ್ದಕೂಡ್ಲೆ ನಾನಾಗತಿದ್ದೆ. ಈಗ ಗಿರಣಿ ಬಾಗಲಾ ತಗಿಯೂಮಟ ಬೇಕು. ನಿನ್ನೆ ನಮ್ಮ ಮಾಲಕರು ಕಸ್ತೂರಿ ಅಂತ ಕೂಗಿದ್ರ, ಯಾರನ್ನ ಕರಿಯಾಕತ್ತಾರ ಅಂತ ಹೊಳ್ಳಿ ನೋಡಿದೆ."

ಅವಳು ಅಳಲಿಲ್ಲ. ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ನನಗೆ ಆ ಕ್ಷಣಕ್ಕೆ ಅನಿಸಿದ್ದನ್ನು ಹೇಳಿಬಿಡುತ್ತೇನೆ: ಇದು ನನ್ನ ಕೈಯಲ್ಲಿ ಆಗುವ ಕೆಲಸ. ಅಕ್ಕತಂಗಿಯರು ಒಂದೇ ಮೈಕಟ್ಟು, ಒಂದೇ ಎತ್ತರ, ಮುದುಕನಿಗೆ ಮುಖ ಕಾಣದು, ಹಾಗಾಗಿ ತಪ್ಪು ಬೀಳುತ್ತಿದೆ. ಹನ್ನೊಂದು ಸಂಜೆ ಉಳಿದಿದ್ದವು. ಇದಕ್ಕಿಂತ ಕಡಿಮೆ ದಿನದಲ್ಲಿ ನಾನು ಇದಕ್ಕಿಂತ ಮಬ್ಬು ಕಣ್ಣುಗಳನ್ನು ದಾರಿಗೆ ತಂದಿದ್ದೆ. ಸ್ವಲ್ಪ ಜಂಬವೂ ಬಂತು.

ಮೊದಲ ದಿನ ಗೋಡೆಯ ಮೇಲೆ ದೊಡ್ಡ ಗಡಿಯಾರದ ಚಿತ್ರ ಹಾಕಿ, ಮುಳ್ಳಿರುವ ಜಾಗದಲ್ಲಿ ಒಂದು ಕರಿ ಗುಂಡಿ ಅಂಟಿಸಿದೆ. "ಅಜ್ಜಾರ, ಗುಂಡಿ ನೋಡ್ರಿ" ಎಂದರೆ ಗುಂಡಿ ಇಲ್ಲ ಎಂದ. "ಹಂಗಾದ್ರ ಗುಂಡಿ ಬಿಡ್ರಿ. ಹನ್ನೆರಡರ ಅಂಕಿ ನೋಡ್ರಿ. ಗುಂಡಿ ಬಂತೇನು? ಒಂದರ ಅಂಕಿ ನೋಡ್ರಿ." ಎರಡರ ಅಂಕಿಗೆ ಬಂದಾಗ ಮುದುಕನ ಬಾಯಿ ಅರ್ಧ ತೆರೆಯಿತು. "ಬಂತು. ನಾಕು ತೂತಿನ ಗುಂಡಿ ಐತಿ. ಕೋಟಿಗೆ ಹಾಕೂವಂಥಾದ್ದು" ಎಂದ. ತೂತಿನ ಲೆಕ್ಕ ಹೇಳಿ ಎಂದು ನಾನು ಕೇಳಿಯೇ ಇರಲಿಲ್ಲ.

ಅವನ ಉಳಿದ ನೋಟ ಎರಡು ಗಂಟೆಯ ದಿಕ್ಕಿನಲ್ಲಿತ್ತು. ಏನಾದರೂ ಕಾಣಬೇಕಾದರೆ ಅದನ್ನು ನೋಡಬಾರದು, ಅದರ ಬಲಕ್ಕೆ, ತುಸು ಮೇಲಕ್ಕೆ ನೋಡಬೇಕು. ಹೀಗೆ ಮಾಡುವುದು ಮುದುಕರಿಗೆ ಬಹಳ ಕಷ್ಟ. ಒಂದು ಜನ್ಮವೆಲ್ಲ ಬೇಕಾದುದರ ಮೇಲೆ ಕಣ್ಣು ನೆಟ್ಟವರಿಗೆ, ಕಣ್ಣು ತೆಗೆ, ಆಗ ಕಾಣುತ್ತದೆ ಎಂದರೆ ತಮಾಷೆ ಮಾಡುತ್ತಿದ್ದಾಳೆ ಅನಿಸುತ್ತದೆ. ಜೊತೆಗೆ ನೋಡುವವರಿಗೂ ಅಪಾರ್ಥ. ಮಾತಾಡಿಸಿದರೆ ತೊಲೆ ನೋಡುತ್ತಾನೆ, ಮುದುಕನಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ. ತಿರಕಪ್ಪ ಮಾತ್ರ ಬೇಗ ಹಿಡಿದುಕೊಂಡ. ಹೊಲಿಯುವಾಗ ಸೂಜಿ ನೋಡಿದರೆ ಹೊಲಿಗೆ ಸೊಟ್ಟಗಾಗುತ್ತದೆ, ಪಕ್ಕದ ಗೆರೆ ನೋಡಬೇಕು ಎಂದು ತಾನೇ ಹೇಳಿದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಕಸ್ತೂರಿ ಅವನನ್ನು ಎದುರಿಗೆ ಕೂರಿಸಿಕೊಂಡು ಲೋಟ, ಸೌಟು, ಕತ್ತರಿ ಒಂದೊಂದಾಗಿ ಹಿಡಿದು ಅಭ್ಯಾಸ ಮಾಡಿಸಿದಳು. ಕುತ್ತಿಗೆ ಎಷ್ಟು ತಿರುಗಿದರೆ ಅವನಿಗೆ ಕಾಣುತ್ತದೆ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಾಯಿತು.

ಆದರೆ ಸಂಜೆ ಬಂದರೆ ಮತ್ತೆ ಶಕುಂತಲಾ. ಇಪ್ಪತ್ತು ಆಯಿತು, ಇಪ್ಪತ್ತೊಂದು ಆಯಿತು. ನಾನು ಅವರ ಮನೆಗೇ ಹೋದೆ. ಸುಣ್ಣದ ಗೋಡೆ, ಅದರ ಮುಂದೆ ಹಿಟ್ಟು ಮೆತ್ತಿದ ಮುಖ, ಹಿಂದಿನಿಂದ ಮುಳುಗುವ ಸೂರ್ಯ. ಹೀಗಾದರೆ ಕಣ್ಣಿದ್ದವರಿಗೂ ಕಾಣದು ಎಂದು ಬೈದೆ. ಗಿರಣಿಯಿಂದ ಹೊರಡುವಾಗ ಮುಖ ತೊಳೆದುಕೊಂಡು ಬರಲು ಕಸ್ತೂರಿಗೆ ಹೇಳಿದೆ. ತಿಳಿ ಬಣ್ಣದ ಸೀರೆ ಬಿಟ್ಟು ಕಡುನೀಲಿ ಉಡಿಸಿದೆ. ಬಾಗಿಲ ಪಕ್ಕ, ನಿಂತವರ ಮುಖದ ಮೇಲೆ ಬೆಳಕು ಬೀಳುವ ಹಾಗೆ ದೀಪ ಹಾಕಿಸಿದೆ. ಮುದುಕ ಮೆಟ್ಟಿಲು ಎಡವದಿರಲಿ ಎಂದು ಅಂಚಿಗೆ ಹಳದಿ ಪಟ್ಟಿಯನ್ನೂ ಅಂಟಿಸಿದೆ. ಇಪ್ಪತ್ತನಾಲ್ಕನೆಯ ಸಂಜೆಯೂ ಶಕುಂತಲಾ ಎಂದೇ ಕರೆದ ಎಂದು ಮರುದಿನ ಗೊತ್ತಾಯಿತು.

ಇಪ್ಪತ್ತಾರರ ಬೆಳಿಗ್ಗೆ ಇನ್ನೊಂದು ಹಾದಿ ಹಿಡಿದೆ. ಮುಖ ಕಾಣದಿದ್ದರೆ ಮೈ ನೋಡಲಿ. ನೀವು ದರ್ಜಿ, ಹೆಗಲು ನೋಡಿ ಇಂಥವರು ಎಂದು ಹೇಳುತ್ತಿದ್ದವರು, ಈಗಲೂ ಹೇಳಿ ಎಂದೆ. ಆಸ್ಪತ್ರೆಯ ನರ್ಸಮ್ಮ, ಕಸ ಗುಡಿಸುವ ಹೆಂಗಸು, ನಾನು, ಕಸ್ತೂರಿ, ನಾಲ್ವರೂ ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತೆವು. ತಿರಕಪ್ಪ ಕುತ್ತಿಗೆ ಎರಡು ಗಂಟೆಗೆ ತಿರುಗಿಸಿ ಒಂದೂ ತಪ್ಪದೆ ಹೇಳಿದ. ಕಸ್ತೂರಿಯ ಸರದಿ ಬಂದಾಗ ಸ್ವಲ್ಪ ಹೊತ್ತು ನೋಡಿ, "ಇಕಿ ನಮ್ಮ ಕಸ್ತೂರಿ. ಚೀಲ ಹೊತ್ತು ಬಲಗಡೆ ಹೆಗಲು ಅರ್ಧ ಇಂಚು ಇಳದೈತಿ. ಶಕ್ಕುಂದು ಎಡಕ್ಕಿತ್ತು" ಎಂದ. ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಆಸ್ಪತ್ರೆಯ ಬಾಗಿಲಲ್ಲಿ ಕರೆದದ್ದು ಲೆಕ್ಕಕ್ಕೆ ಬರುವುದಿಲ್ಲ, ಆದರೂ ಅವಳ ಕಿವಿಗೆ ತಂದೆಯ ಬಾಯಿಂದ ತನ್ನ ಹೆಸರು ಬಿದ್ದು ತಿಂಗಳಾಗುತ್ತ ಬಂದಿತ್ತು. ನಾನು ಅವನ ಕಾರ್ಡಿನಲ್ಲಿ 'ಗುರಿ ಮುಟ್ಟಿದೆ' ಎಂದು ಬರೆದು ಸಹಿ ಹಾಕಿದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಖುಷಿಯಲ್ಲಿ ಮರೆತಿದ್ದಾಳೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಮನಸ್ಸು ತಡೆಯದೆ ಇಪ್ಪತ್ತೆಂಟನೆಯ ಸಂಜೆ ಅವರ ಓಣಿಗೆ ಹೋಗಿ ಎದುರು ಮನೆಯ ಕಟ್ಟೆಯ ಮೇಲೆ ಕೂತೆ. ಕಸ್ತೂರಿ ಬಂದಳು. ಮುಖ ತೊಳೆದಿತ್ತು, ಕಡುನೀಲಿ ಸೀರೆ, ದೀಪದ ಬೆಳಕು ಸರಿಯಾಗಿ ಬೀಳುತ್ತಿತ್ತು. ಒಳಗೆ ತಿರಕಪ್ಪ ಮಣೆ ಮೇಲೆ ಕೂತಿದ್ದ. ಕುತ್ತಿಗೆ ತಿರುಗಿಸುತ್ತಾನೆ ಎಂದು ನಾನು ಕಾದೆ. ತಿರುಗಿಸಲಿಲ್ಲ. ಮಗಳ ಮುಖವನ್ನು ನೇರವಾಗಿ, ನೆಟ್ಟ ಕಣ್ಣಿನಿಂದ ನೋಡಿದ. ಓಣಿಯಲ್ಲಿ ಹೋಗುವವರು ಯಾರಾದರೂ ನೋಡಿದ್ದರೆ, ಎಷ್ಟು ಅಕ್ಕರೆಯಿಂದ ನೋಡುತ್ತಾನೆ ಅನ್ನುತ್ತಿದ್ದರು. ನೇರ ನೋಡಿದರೆ ಅವನಿಗೆ ಅಲ್ಲಿ ಏನೂ ಇಲ್ಲ ಎಂಬುದು ಆ ಓಣಿಯಲ್ಲಿ ಮೂವರಿಗೆ ಗೊತ್ತಿತ್ತು. ಅವನು, ಕಸ್ತೂರಿ ಮತ್ತು ನಾನು.

"ಶಕುಂತಲಾ" ಎಂದು ಕರೆದ. ಕಸ್ತೂರಿಯ ಕಾಲು ಎದ್ದಿತು. ಹೊಸ್ತಿಲು ದಾಟುವಾಗ ಒಂದು ಸಣ್ಣ ಕೆಮ್ಮು ಕೇಳಿಸಿತು.

ನನಗೆ ಸಿಟ್ಟು ಬಂತು. ಅಷ್ಟೇ ನಾಚಿಕೆಯೂ ಆಯಿತು. ಕಣ್ಣಿನದಲ್ಲದ ರೋಗಕ್ಕೆ ಒಂಬತ್ತು ದಿನ ಕಣ್ಣಿನ ಮದ್ದು ಅರೆದಿದ್ದೆ. ಮರುದಿನ ಬೆಳಿಗ್ಗೆ ಕಸ್ತೂರಿ ಗಿರಣಿಗೆ ಹೋದ ಮೇಲೆ ನೇರ ಮುದುಕನ ಮುಂದೆ ಹೋಗಿ ಕೂತೆ. ಅವನು ಕತ್ತರಿಗೆ ಎಣ್ಣೆ ಹಾಕುತ್ತಿದ್ದ. "ಅಜ್ಜಾರ, ನಿಮಗ ಕಾಣತೈತಿ" ಎಂದೆ.

"ಕಾಣತೈತಿ ತಾಯಿ. ನಿನ್ನ ಪುಣ್ಯಾ" ಎಂದ.

"ಮತ್ತ ಯಾಕ ಹಂಗ ಕರೀತೀರಿ? ನಾಳೆ ಸಂಜಿಗೆ ಮೂವತ್ತು. ಕಸ್ತೂರಿ ಅನ್ನಾಕಿ ಇರೂದ ಇಲ್ಲ."

ಬಹಳ ಹೊತ್ತು ಕತ್ತರಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದ. ಆಮೇಲೆ ನಿಧಾನವಾಗಿ ಹೇಳಿದ. ಎರಡು ವರ್ಷದ ಹಿಂದೆ ಮದುವೆಗಳ ಸುಗ್ಗಿ. ಒಂದು ಮದುಮಗನ ಕೋಟಿಗೆ ಕಾಜಾ ಮಾಡುತ್ತಿದ್ದ, ದೀಪ ಹಚ್ಚುವ ಹೊತ್ತಾದರೂ ಮಣೆ ಮೇಲೆ ಕೂತೇ ಸೂಜಿ ಆಡಿಸುತ್ತಿದ್ದ. ಮೆಟ್ಟಿಲ ಮೇಲೆ ಸಪ್ಪಳವಾಯಿತು. ಗಿರಣಿ ಬಿಡುವ ಹೊತ್ತು, ಕಸ್ತೂರಿಯೇ ಇರಬೇಕು. ತಲೆ ಎತ್ತದೆ, "ಕಸ್ತೂರಿ, ಬಾ" ಎಂದುಬಿಟ್ಟ. ಬಂದವಳು ದಾರದ ಉಂಡೆ ತರಲು ಹೋಗಿದ್ದ ಶಕುಂತಲಾ. ಅರ್ಧ ತಾಸಿನ ಮೇಲೆ ಕಸ್ತೂರಿ ಬಂದಾಗ ಸರಿಯಾಗಿ ನೋಡಿ ಅವಳನ್ನೂ ಕಸ್ತೂರಿ ಎಂದೇ ಕರೆದ. ಮನೆಯಲ್ಲಿ ಇಬ್ಬರು ಕಸ್ತೂರಿಯರು ಎಂದು ಆ ಸಂಜೆ ಮೂವರೂ ನಕ್ಕಿದ್ದೇ ನಕ್ಕಿದ್ದು. ಬೆಳಗಾಗುವ ಮುಂಚೆ ಶಕುಂತಲಾಳ ಎದೆ ನಿಂತುಹೋಯಿತು. ಬೆಳಕು ಹರಿದಿದ್ದರೆ ಹೆಸರು ವಾಪಸ್ ಬರುತ್ತಿತ್ತು. ಬರಲಿಲ್ಲ. ಓಣಿಯ ಹೆಂಗಸರು ಬಂದು ಹೆಣದ ಮುಂದೆ ಕೂತು ಕಸ್ತೂರಿ, ಕಸ್ತೂರಿ ಎಂದು ಅತ್ತರು. ಕಸ್ತೂರಿ ಅಲ್ಲೇ ಮೂಲೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು.

"ಕಣ್ಣು ಚಲೋ ಇದ್ದಾಗ ತಲಿ ಎತ್ತಿ ನೋಡ್ಲಿಲ್ಲ. ಒಂದ ಒಂದು ಸಲ ನೋಡಿದ್ದರ ನನ್ನ ಮಗಳು ತನ್ನ ಹೆಸರಿನ್ಯಾಗ ಹೋಗ್ತಿದ್ಲು" ಎಂದ ತಿರಕಪ್ಪ. "ಈಗ ನಡುವ ಈ ತೂತು ಬಿದ್ದೈತಲ್ಲ, ಮೊದಲ ಭಾಳ ಅಂಜಿಕಿ ಇತ್ತು. ಆಮ್ಯಾಲ ಒಂದು ಸಂಜಿ ಕಸ್ತೂರಿ ಬಂದು ನಿಂತ್ಲು. ಮೈ ಐತಿ, ಮಾರಿ ಇಲ್ಲ. ಆ ಜಾಗದಾಗ ನನಗ ಬೇಕಾದಾಕಿನ್ನ ಇಟ್ಟೆ. ಬಂದ್ಲು. ಮಷಿನ್ ಮ್ಯಾಲ ಕುಂತ್ಲು. ಅಪ್ಪಾ ದಾರಾ ಮುಗದೈತಿ ಅಂದ್ಲು. ನೀನ ಹೇಳ ತಾಯಿ, ಕುತಿಗಿ ತಿರುವಿ ಅಕಿನ್ನ ಹ್ಯಾಂಗ ಹೊರಗ ಹಾಕ್ಲಿ?"

"ಮತ್ತ ಕಸ್ತೂರಿ?"

"ಅಕಿ ತಡಕೋತಾಳ. ಅಕಿಗೆ ರೂಢಿ ಐತಿ" ಎಂದ.

ಇದಕ್ಕಿಂತ ಕೆಟ್ಟ ಮಾತನ್ನು ನಾನು ಯಾರ ಬಾಯಿಂದಲೂ ಇಷ್ಟು ಮೆತ್ತಗೆ ಕೇಳಿಲ್ಲ. ಬೈಯಬೇಕೆಂದು ಹೋದವಳು ಬೈಯದೆಯೇ ಎದ್ದು ಬಂದೆ. ಅವನದು ತಪ್ಪು ಎಂದು ಎಷ್ಟು ಗೊತ್ತಿತ್ತೋ, ಅವನ ಜಾಗದಲ್ಲಿದ್ದರೆ ನಾನೂ ಕುತ್ತಿಗೆ ತಿರುಗಿಸುತ್ತಿರಲಿಲ್ಲ ಎಂಬುದೂ ಅಷ್ಟೇ ಗೊತ್ತಿತ್ತು.

ಅಲ್ಲಿಂದ ಗಿರಣಿಗೆ ಹೋದೆ. ಬೀಸುವ ಸದ್ದಿಗೆ ಮಾತು ಕೇಳುವುದಿಲ್ಲ ಎಂದು ಕಸ್ತೂರಿ ನನ್ನನ್ನು ಹಿಂದಿನ ಕೋಣೆಗೆ, ಜೋಳದ ಚೀಲಗಳ ನಡುವೆ ಕರೆದುಕೊಂಡು ಹೋದಳು. ನಾನು ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದರೆ ಅವಳೇ ಹೇಳಿದಳು. "ನನಗ ಗೊತ್ತೈತಿ ಅಕ್ಕಾರ. ಆಸ್ಪತ್ರ್ಯಾಗ ನನ್ನ ಹೆಸರು ಹೇಳಿದ ದಿನಾ ಸಂಜಿಗೇನ ಗೊತ್ತಾತು. ನನ್ನ ನೇರ ನೋಡಿದ."

"ಮತ್ತ ಜಗಳಾ ಆಡಬೇಕಲ್ಲ ನೀ?"

"ಸಂಜಿಗೆ ಮೆಟ್ಟಿಲ ಮ್ಯಾಲ ಬಾಯಿ ಬರಂಗಿಲ್ಲ. ಒಳಗ ಹೋದಮ್ಯಾಲ ನಾ ನಾನಾಗಿ ಇರಂಗಿಲ್ಲ. ಜಗಳಾಡೋರು ಯಾರು?" ಎಂದು ಸ್ವಲ್ಪ ನಕ್ಕಳು. "ಮುಂಜಾನಿ ಆಡಬೇಕಂತೀನಿ. ಆದ್ರ ಅಕ್ಕ ಹೋದಾಗಿಂದ ಅಪ್ಪ ನಕ್ಕಿದ್ದಿಲ್ರಿ. ಈಗ ನಗತಾನ. ಉಂಡಿಯೇನ ಅಂತಾನ, ಕೆಮ್ಮು ಕಡಿಮಿ ಆತೇನ ಅಂತಾನ. ಮುಂಜಾನಿ ಎಲ್ಲಾ ನೆನಪಿರತೈತಿ, ಬ್ಯಾರೆಯವರ ಮನಿ ಕಥಿ ಕೇಳಿದಂಗ. ನನಗ ಯಾವತ್ತೂ ಅಂವ ಉಂಡಿಯೇನ ಅಂತ ಕೇಳಿಲ್ಲ." ಚೀಲದ ಬಾಯಿಗೆ ಹುರಿ ಬಿಗಿಯುತ್ತ, "ಆದರೂ ನನ್ನ ಹೆಸರು ನನಗ ಬೇಕು. ಏನು ದೊಡ್ಡ ಹೆಸರಲ್ಲ ಅದು. ಆದ್ರ ನಲವತ್ತಾರು ವರ್ಷ ಅದರಾಗ ಇದ್ದೇನಿ" ಎಂದಳು.

ಆಮೇಲೆ ನನ್ನನ್ನು ನೋಡಿ, "ನಿಮ್ಮನ್ನ ಸಂಜಿಗೆ ಯಾರು ಕರೀತಾರ್ರಿ?" ಎಂದು ಕೇಳಿದಳು.

"ಯಾರಿಲ್ಲ. ಒಬ್ಬಾಕೀನ ಇರ್ತೀನಿ. ನನ್ನ ಮಣಿ ಮ್ಯಾಲ ನಾನ."

"ರೂಢಿ ಆಗತೈತೇನ್ರಿ?"

"ಆಗತೈತಿ" ಎಂದೆ. ಸುಳ್ಳು ಹೇಳುವುದು ನನ್ನ ಕೆಲಸದಲ್ಲಿ ಬೇಕಾಗುತ್ತದೆ.

ಮೂವತ್ತನೆಯ ಸಂಜೆ ನಾನು ಮತ್ತೆ ಎದುರು ಕಟ್ಟೆಯ ಮೇಲಿದ್ದೆ. ಓಣಿಯವರಿಗೂ ಹೇಗೋ ಸುದ್ದಿ ಮುಟ್ಟಿತ್ತು, ತಮ್ಮ ತಮ್ಮ ಬಾಗಿಲಲ್ಲಿ ಕೂತವರು ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಈ ಕಡೆಗೇ ಕಿವಿ ಇಟ್ಟಿದ್ದರು. ಕಸ್ತೂರಿ ಹೊತ್ತಿಗೆ ಸರಿಯಾಗಿ ಬಂದಳು. ತಪ್ಪಿಸಿಕೊಂಡು ಬೇರೆ ಕಡೆ ಉಳಿಯಬಹುದಿತ್ತು. ಆದರೆ ಎಷ್ಟು ದಿನ. ಮೆಟ್ಟಿಲ ಮೇಲೆ ನಿಂತು ಸೆರಗು ಸರಿಮಾಡಿಕೊಂಡು, ತಂದೆಗೆ ಕಾಣಲಿ ಎಂದು ಬಲ ಹೆಗಲನ್ನು ದೀಪದ ಕಡೆಗೆ ತಿರುಗಿಸಿದಳು. ಅವಳ ಕೈಯಲ್ಲಿದ್ದದ್ದು ಅಷ್ಟೇ.

ತಿರಕಪ್ಪ ಮೊದಲು ನೇರ ನೋಡಿದ. ಆ ನೋಟ ಬಹಳ ಹೊತ್ತು ಅಲ್ಲೇ ಇತ್ತು. ಹೆಸರು ಇನ್ನೇನು ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಏನೂ ಕೇಳದೆ ಕಣ್ಣು ತೆರೆದು ನೋಡಿದರೆ ಮುದುಕನ ಕುತ್ತಿಗೆ ನಿಧಾನಕ್ಕೆ ಬಲಕ್ಕೆ, ಮೇಲಕ್ಕೆ, ಎರಡು ಗಂಟೆಯ ಕಡೆಗೆ ತಿರುಗುತ್ತಿತ್ತು. ಸರಿಯಾದ ಜಾಗಕ್ಕೆ ಬಂದು ನಿಂತಿತು. ಅವನಿಗೆ ಕಂಡಿತು. ಅವನ ಮುಖದಲ್ಲಿ ಅದು ನನಗೂ ಕಂಡಿತು. ಒಬ್ಬ ಮಗಳು ಹೋಗಿ ಇನ್ನೊಬ್ಬಳು ಬಂದು ನಿಂತಳು. ಎದುರಿಗಿರುವವಳ ಹೆಸರು ಕರೆದರೆ ಇನ್ನೊಬ್ಬಳನ್ನು ತಾನೇ ಹೊರಗೆ ಹಾಕಿದಂತೆ. ಸತ್ತವಳ ಹೆಸರು ಕರೆಯಲು, ಇವಳು ಇಷ್ಟು ಚೆನ್ನಾಗಿ ಕಂಡ ಮೇಲೆ, ಈಗ ಆಗುತ್ತಿರಲಿಲ್ಲ.

ಗೋಡೆ ಹಿಡಿದುಕೊಂಡು ಎದ್ದ. ಬಗ್ಗಿ ಮಣೆ ಎತ್ತಿಕೊಂಡ. ಕಾಲ ಹೆಬ್ಬೆರಳಿನಿಂದ ಹೊಸ್ತಿಲು ತಡವಿ, ಮೆಟ್ಟಿಲ ಅಂಚು ತಡವಿ ಕೆಳಗೆ ಇಳಿದ. "ನನ್ನ ಬಾಯಿಗೆ ಬರವಲ್ದವಾ" ಎಂದು ಮಣೆಯನ್ನು ಮಗಳ ಕೈಗೆ ಕೊಟ್ಟ. ಅದೇ ಮೆಟ್ಟಿಲ ಮೇಲೆ, ಮಗಳು ನಿಂತ ಜಾಗದ ಪಕ್ಕದಲ್ಲಿ, ಬಾಯಿ ಕಟ್ಟಿಕೊಂಡು ನಿಂತ.

ಮಣೆ ಕೈಗೆ ಬಂದವರನ್ನು ಯಾರೂ ಕರೆಯಬೇಕಾಗಿಲ್ಲ. ಕಸ್ತೂರಿಯ ಕಾಲು ತಾನಾಗಿ ಎದ್ದಿತು. ಒಳಗೆ ಹೋಗಿ ಮಣೆ ಹಾಕಿ ಕೂತಳು. ಇಪ್ಪತ್ತೊಂಬತ್ತು ಸಂಜೆಯ ಲೆಕ್ಕ ಅಳಿಸಿಹೋಯಿತು. ಅವಳ ಹೆಸರು ಉಳಿಯಿತು. ಇನ್ನು ಅವಳು ಇರುವವರೆಗೂ ಹೊಸ್ತಿಲಲ್ಲಿ ಕೂತು ಆ ಹೆಸರು ಕರೆಯುವವರು ಮಾತ್ರ ಯಾರೂ ಇರುವುದಿಲ್ಲ. ಇದು ಅವಳಿಗೆ ಅದೇ ಕ್ಷಣಕ್ಕೆ ಹೊಳೆಯಿತು ಎಂದು ಕಾಣುತ್ತದೆ, ಒಂದು ಸಲ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಮುದುಕ ಕುತ್ತಿಗೆ ತಿರುಗಿಸಿಯೇ ನಿಂತಿದ್ದ, ಮಗಳನ್ನೇ ನೋಡುತ್ತಿದ್ದ. ಅವಳೂ ಅವನನ್ನು ನೋಡಿದಳು. ಆ ಹೊತ್ತಿನಲ್ಲಿ ಅವಳು ಯಾವ ಹೆಸರು ಬೇಕಾದರೂ ಅವನ ಮೇಲೆ ಹಾಕಬಹುದಿತ್ತು. ಹಾಕಿದ್ದರೆ ಓಣಿಯವರು ಯಾರೂ ಅವಳನ್ನು ಅನ್ನುತ್ತಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು, "ತಿರಕಪ್ಪ" ಎಂದಳು. ಹುಟ್ಟಿದಾಗಿನಿಂದ ತಂದೆಯ ಎದುರಿಗೆ ತಂದೆಯ ಹೆಸರು ಹಿಡಿದವಳಲ್ಲ. ಅವನ ಕಾಲು ಎದ್ದಿತು. ಅವಳ ಮಗ್ಗುಲಿಂದ ಗೋಡೆ ಸವರಿಕೊಂಡು ಒಳಗೆ ಹೋದ.

ಆ ಮನೆಗೆ ಬರಬೇಕಾದವರು ಇನ್ನು ಯಾರೂ ಇರಲಿಲ್ಲ. ಆದರೂ ಕಸ್ತೂರಿ ಏಳಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಮಣೆ ಎತ್ತಿ ಬಾಗಿಲು ಹಾಕಿಕೊಂಡರು. ಅವಳ ಕಣ್ಣಿಗೆ ಯಾವ ಊನವೂ ಇಲ್ಲ, ಎದುರಿಗಿರುವುದು ಬರೀ ಮೆಟ್ಟಿಲು ಎಂದು ನನಗೆ ಕಂಡಷ್ಟೇ ಅವಳಿಗೂ ಕಾಣುತ್ತಿತ್ತು. ಆ ಜಾಗವನ್ನೇ ನೇರ ನೋಡುತ್ತ ಕೂತಿದ್ದವಳು ಸ್ವಲ್ಪ ಹೊತ್ತಾದ ಮೇಲೆ, ಹಿರಿಯರು ಕರೆಯುವ ಧ್ವನಿಯಲ್ಲಿ, "ಶಕುಂತಲಾ. ಒಳಗ ಬಾ" ಎಂದಳು.

ಒಳಗೆ ಮುದುಕ ಅಳುವುದು ಕೇಳಿಸಿತು. ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ ಹೊಸ್ತಿಲು ದಾಟಿ ಒಳಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಸ್ತೂರಿ ಕಾದಳು. ಆಮೇಲೆ ಎದ್ದು ಮಣೆಯನ್ನು ಗೋಡೆಗೆ ಆನಿಸಿಟ್ಟು ಬಾಗಿಲು ಹಾಕಿಕೊಂಡಳು.